ದೇವರ ಆವುಗಳ ದಾರಿ

ತಮಿಳುನಾಡಿನ ಕಂಬಂ ಊರಿನಲ್ಲಿ ರಾಜನನ್ನು ಆರಿಸುವುದು ಕಬ್ಬು. ಮಂದೆಯ ಪಟ್ಟದ ಹೋರಿ ತೀರಿಕೊಂಡರೆ ಒಳ್ಳೆಯ ದಿನ ನೋಡಿ, ಕರ್ಪೂರ ಹಚ್ಚಿ, ಅರಿಶಿನ ಇಟ್ಟು, ಮಂದೆಯ ಎದುರಿಗೆ ಒಂದು ಹೊರೆ ಕಬ್ಬು ಇಡುತ್ತಾರೆ. ಯಾರೂ ಹಗ್ಗ ಎಳೆಯುವುದಿಲ್ಲ, ಯಾರೂ ಹುರಿದುಂಬಿಸುವುದಿಲ್ಲ. ಯಾವ ಹೋರಿ ತಾನಾಗಿ ಮುಂದೆ ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೇ ಪಟ್ಟ. ಮೈಗೆ ಅರಿಶಿನ ಬಳಿದು ನಂದಗೋಪಾಲಸ್ವಾಮಿ ಎಂದು ಕೈಮುಗಿದರೆ, ಅದು ಬದುಕಿರುವಷ್ಟು ದಿನವೂ ದೇವರೇ. 1906ರಲ್ಲಿ ಡಬ್ಲ್ಯೂ. ಫ್ರಾನ್ಸಿಸ್ ಸಿದ್ಧಪಡಿಸಿದ ಮಧುರೆ ಜಿಲ್ಲೆಯ ಗೆಜೆಟಿಯರಿನಲ್ಲಿ ಈ ವಿವರ ಬರುತ್ತದೆ. ಮೂರು ವರ್ಷದ ನಂತರ ಎಡ್ಗರ್ ಥರ್ಸ್ಟನ್ ತನ್ನ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ಕಾಪ್ಪಿಲಿಯರ ಬಗ್ಗೆ ಬರೆಯುವಾಗ ಅದನ್ನು ಎತ್ತಿಕೊಂಡ. ತಮಿಳರು ತಂಬಿರಾನ್ ಮಾಡು ಎನ್ನುವ ಈ ಮಂದೆಯನ್ನು ಅದರ ಒಡೆಯರು ಕನ್ನಡದಲ್ಲಿ ದೇವರ ಆವು ಎನ್ನುತ್ತಾರೆಂದು ಅಲ್ಲಿ ದಾಖಲಾಗಿದೆ.

ಕಾಪ್ಪಿಲಿಯರು ಎಂದರೆ ಕಂಬಂ ಕಣಿವೆಯ ಕನ್ನಡ ಒಕ್ಕಲಿಗರು. ನೂರಾರು ವರ್ಷಗಳ ಹಿಂದೆ ಕನ್ನಡ ಸೀಮೆಯಿಂದ ದನ ಹೊಡೆದುಕೊಂಡು ಬಂದವರು. ಗದ್ದೆ, ದ್ರಾಕ್ಷಿ, ಅಂಗಡಿ, ಸರ್ಕಾರಿ ಕೆಲಸ ಎಲ್ಲವೂ ಆಮೇಲೆ ಬಂದದ್ದು. ಮೊದಲು ಬಂದದ್ದು ದನ. ಮನೆಯ ಹಿರಿಯರು ಊರಿನ ಕಥೆ ಹೇಳುವಾಗ ಮನುಷ್ಯರ ಹೆಸರು ಮರೆತರೂ ದನದ ಬಣ್ಣ ಮರೆಯುತ್ತಿರಲಿಲ್ಲ.

ನಾನು ಬೆಳೆದದ್ದು ಆಂಡಿಪಟ್ಟಿಯಲ್ಲಿ. ಮಧುರೆಯಿಂದ ಬರುವ ರಸ್ತೆ ಕಣಿವೆ ದಾಟಿ ಕೆಳಗಿಳಿದಾಗ ಸಿಗುವ ಒಣ ಸೀಮೆ ಅದು. ಒಂದು ಕಡೆ ಸಕ್ಕಂಪಟ್ಟಿಯ ಮಗ್ಗಗಳ ಸದ್ದು, ಇನ್ನೊಂದು ಕಡೆ 1959ರಲ್ಲಿ ಕಟ್ಟಿ ಮುಗಿಸಿದ ವೈಗೈ ಅಣೆಕಟ್ಟು, ದಕ್ಷಿಣಕ್ಕೆ ವರುಸನಾಡು, ಮೇಘಮಲೆಯ ಸಾಲು. ನಮ್ಮ ಅಪ್ಪ ಹಿಂಡಿ, ಬೂಸಾ, ಹತ್ತಿಕಾಳಿನ ಅಂಗಡಿ ಇಟ್ಟಿದ್ದರು. ಗಿರಾಕಿ ಬಂದರೆ ಅವರು ಕೇಳುತ್ತಿದ್ದ ಮೊದಲ ಮಾತು ದನದ ಬಗ್ಗೆ. ಕೆಂದ ಮೇವು ತಿನ್ನುತ್ತಿದೆಯೇ, ಮಚ್ಚೆ ಹಸು ಕಟ್ಟಿತೇ, ಆ ಕುಂಟುತ್ತಿದ್ದ ಎತ್ತು ಹೇಗಿದೆ. ಹಣದ ಮಾತು ಆಮೇಲೆ. ಹಿಂಡಿ ಕೊಂಡವರ ದನವೆಲ್ಲ ತನ್ನ ದನವೇ ಎಂಬಂತೆ ಅವರು ಇರುತ್ತಿದ್ದರು.

ಅವ್ವನ ತವರು ಕಂಬಂ. ಪೊಂಗಲ್ ಬಂದರೆ ಬಸ್ಸು ಹತ್ತಿ ತೇನಿ, ಚಿನ್ನಮನೂರು, ಉತ್ತಮಪಾಳಯಂ ದಾಟಿ ಹೋಗುತ್ತಿದ್ದೆವು. ಮಾಟ್ಟು ಪೊಂಗಲ್ ದಿನ ಬೆಳಗಿನಿಂದಲೇ ನಂದಗೋಪಾಲನ ತೊಳುವಿಗೆ ಜನ. ತೊಳು ಎಂದರೆ ದನದ ದೊಡ್ಡಿ. ಅಲ್ಲಿ ಅದೇ ಗುಡಿ. ಬಾಳೆಹಣ್ಣು, ಅಗಸೆ ಸೊಪ್ಪು, ಕಬ್ಬು ಹಿಡಿದ ಕೈಗಳು. ಪೊಂಗಲ್ ದಿನ ತಮ್ಮ ಹಟ್ಟಿಯಲ್ಲಿ ಹುಟ್ಟಿದ ಕರುವನ್ನು ದೇವರದೆಂದು ತಂದು ಬಿಡುವವರು ಕೆಲವರು. ಅದು ಎಲ್ಲ ಜಾತಿಯವರೂ ಹೊರುತ್ತಿದ್ದ ಹರಕೆ. ಆ ದಿನ ಹುಟ್ಟಿದ ಕರು ಮನೆಯದಲ್ಲ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, ಬಡವನೂ ಅದನ್ನು ಸಂತೆಗೆ ಹೊಡೆಯುತ್ತಿರಲಿಲ್ಲ.

ಹಾಗೆ ಬಿಟ್ಟ ಕರುವಿನ ಬದುಕು ಹೇಗಿತ್ತು ಎಂಬುದನ್ನು ತುಸು ವಿವರವಾಗಿ ಹೇಳಬೇಕು, ಏಕೆಂದರೆ ಹೋಗುತ್ತಿರುವುದು ಅದೇ. ದೇವರ ಆವಿಗೆ ನೊಗ ಇಲ್ಲ. ಅದನ್ನು ಮಾರುವಂತಿಲ್ಲ. ಹಸುವಿನ ಹಾಲು ಕರುವಿಗೆ, ಕರೆಯಲು ಕುಳಿತುಕೊಳ್ಳುವಂತಿಲ್ಲ. ಸತ್ತರೆ ಮನುಷ್ಯರಿಗೆ ಮಾಡುವಂತೆ ಮಣ್ಣು. ಇಷ್ಟನ್ನು ಯಾವ ಗೋಶಾಲೆಯೂ ಮಾಡಬಲ್ಲದು. ಆದರೆ ಆ ಮಂದೆಗೆ ಇನ್ನೂ ಒಂದು ಇತ್ತು: ತನ್ನದೇ ಸಂಸಾರ. ತಾಯಿ, ಮಗಳು, ಮೊಮ್ಮಗಳು ಒಟ್ಟಿಗೇ ಇರುತ್ತಿದ್ದವು. ಹೋರಿಗಳು ಹಸುಗಳ ನಡುವೆಯೇ ಬೆಳೆದು, ಗುದ್ದಾಡಿ, ಸೋತು, ಗೆದ್ದು ಮುದಿಯಾಗುತ್ತಿದ್ದವು. ಯಾವುದು ಮುಂದೆ, ಯಾವುದು ಹಿಂದೆ, ಯಾರ ಪಕ್ಕ ಯಾರು ಮಲಗಬೇಕು ಎಂಬುದೆಲ್ಲ ಅವೇ ತೀರ್ಮಾನಿಸಿಕೊಂಡದ್ದು. ಬೆಳಗಾದರೆ ನಡಿಗೆ. ಮಳೆ ಬಿದ್ದು ಬೆಟ್ಟ ಹಸಿರಾದಾಗ ಮೇಲಕ್ಕೆ, ಒಣಗಿದಾಗ ಕೆಳಗಿನ ಕುಯ್ಲಾದ ಹೊಲಗಳಿಗೆ. ಕಬ್ಬಿನ ಹೊರೆಯ ಮುಂದೆ ಒಂದು ಹೋರಿ ತಾನಾಗಿ ಹೆಜ್ಜೆ ಹಾಕಬೇಕಾದರೆ ಅದು ಹಗ್ಗದ ಎಳೆತಕ್ಕೆ ಕಾಯದೆ ಬದುಕಿ ಗೊತ್ತಿರಬೇಕು. ಆ ಆಚರಣೆಯ ಬೇರು ಇದ್ದದ್ದು ಬೆಟ್ಟದ ಮೇಲೆ, ಹುಲ್ಲಿನಲ್ಲಿ.

ದೇವರ ಮಂದೆ ಒಂದೇ ಅಲ್ಲ, ಆ ಕಣಿವೆಯ ತುಂಬ ಮಲೆಮಾಡು ಎನ್ನುವ ಬೆಟ್ಟದ ದನಗಳಿದ್ದವು. ಬೆಟ್ಟದ ಇಳಿಜಾರಿಗೆ ಹೊಂದಿದ ಚಿಕ್ಕ ಮೈ, ಗಟ್ಟಿ ಗೊರಸು, ನಾನಾ ಬಣ್ಣ. ದೇವಾರಂ, ಬೋಡಿ, ಕಂಬಂ, ಗೂಡಲೂರು, ವರುಸನಾಡು ಕಡೆಯ ದನಗಾಹಿಗಳು ಅವನ್ನು ನೂರಾರು ಸಂಖ್ಯೆಯಲ್ಲಿ ಹೊಡೆದುಕೊಂಡು ಬೆಟ್ಟ ಹತ್ತುತ್ತಿದ್ದರು. ಹಾಲು ಕಡಿಮೆ, ಆದಾಯ ಸಗಣಿಯಿಂದ. ಆ ಗೊಬ್ಬರ ಗಡಿ ದಾಟಿ ಕೇರಳದ ಏಲಕ್ಕಿ ತೋಟಗಳಿಗೆ ಹೋಗುತ್ತಿತ್ತು. ಬಯಲಿನಲ್ಲಿ ಪುಲಿಕುಳಂ ದನಗಳ ಕಿಡೈ. ನಮ್ಮ ಬಯಲುಸೀಮೆಯಲ್ಲಿ ಹೊಲಕ್ಕೆ ಕುರಿಮಂದೆ ನಿಲ್ಲಿಸುವಂತೆ ಅಲ್ಲಿ ರಾತ್ರಿ ಹೊಲದಲ್ಲಿ ದನ ನಿಲ್ಲಿಸುತ್ತಿದ್ದರು. ಹೊಲದವನು ಗಾಹಿಗೆ ದುಡ್ಡೋ ಧಾನ್ಯವೋ ಕೊಡುತ್ತಿದ್ದ. ಆಂಡಿಪಟ್ಟಿಯ ಸುತ್ತ ಕಡಲೆಕಾಯಿ, ಜೋಳ ಕಿತ್ತ ಮೇಲೆ ಕಿಡೈ ಬಂದರೆ ರಾತ್ರಿಯೆಲ್ಲ ದನಗಳ ಉಸಿರು ಮತ್ತು ಗಂಟೆ ಕೇಳಿಸುತ್ತಿತ್ತು. ಮರುದಿನ ಅಪ್ಪ ಒಂದು ಚೀಲ ಹಿಂಡಿಯನ್ನು ಗಾಹಿಗೆ ಸಾಲವಾಗಿ ಕೊಟ್ಟು, ಲೆಕ್ಕದ ಪುಸ್ತಕದಲ್ಲಿ ಅವನ ಹೆಸರಿನ ಬದಲು ಮಂದೆಯ ಮುಂದಿನ ಹಸುವಿನ ಗುರುತು ಬರೆದುಕೊಳ್ಳುತ್ತಿದ್ದರು. ಗಾಹಿ ಬದಲಾದರೂ ಹಸು ಬರುತ್ತದೆ ಎನ್ನುತ್ತಿದ್ದರು.

ಈ ಸೀಮೆಗೆ ದನದ ನಂಟು ಎಷ್ಟು ಹಳೆಯದು ಎನ್ನುವುದಕ್ಕೆ ಆಂಡಿಪಟ್ಟಿ ತಾಲ್ಲೂಕಿನಲ್ಲೇ ಕಲ್ಲಿನ ಸಾಕ್ಷಿ ಇದೆ. 2006ರಲ್ಲಿ ವೈಗೈ ದಂಡೆಯ ಪುಲಿಮಾನ್‌ಕೊಂಬೈ ಊರಿನಲ್ಲಿ ತಂಜಾವೂರಿನ ತಮಿಳು ವಿಶ್ವವಿದ್ಯಾಲಯದವರಿಗೆ ವೀರಗಲ್ಲುಗಳು ಸಿಕ್ಕವು. ತಮಿಳು ಬ್ರಾಹ್ಮಿ ಲಿಪಿಯ ಬರಹವಿರುವ ಅವು 2,000 ವರ್ಷಕ್ಕೂ ಹಿಂದಿನವು. ನಮ್ಮ ದೇಶದಲ್ಲಿ ಈವರೆಗೆ ಸಿಕ್ಕ ಅತಿ ಹಳೆಯ ವೀರಗಲ್ಲುಗಳ ಸಾಲಿಗೆ ಸೇರಿದವು. ಅದರಲ್ಲೊಂದು ಕೂಡಲೂರಿನ ತುರುಗಾಳಗದಲ್ಲಿ ಸತ್ತ ಅಂತವನ್ ಎಂಬ ವೀರನದು. ದನಕ್ಕಾಗಿ ಪ್ರಾಣ ಬಿಟ್ಟವನನ್ನು ಕಲ್ಲಿನಲ್ಲಿ ನಿಲ್ಲಿಸುವ ಪದ್ಧತಿ ಕನ್ನಡ ನಾಡಿನ ಊರೂರಲ್ಲೂ ಇದೆ. ತುರುಗೊಳ್ ಎಂದು ಬರೆದ ವೀರಗಲ್ಲು ನೋಡದ ಕನ್ನಡಿಗನಿಲ್ಲ. ಕಲ್ಲು ನಿಂತದ್ದು ಮನುಷ್ಯರಿಗೆ ಮಾತ್ರವೂ ಅಲ್ಲ. ಮದ್ದೂರು ಬಳಿಯ ಆತಕೂರಿನಲ್ಲಿ ಹತ್ತನೆಯ ಶತಮಾನದ ನಡುವೆ ಕಾಳಿ ಎಂಬ ಬೇಟೆನಾಯಿಗೆ ಕಲ್ಲು ನಿಲ್ಲಿಸಿದರು. ಹಂದಿಯೊಡನೆ ಹೋರಾಡಿ, ಅದನ್ನು ಕೊಂದು, ತಾನೂ ಸತ್ತ ನಾಯಿ. ಅದರ ಒಡೆಯ ಮಣಲೇರ, ಅದನ್ನು ಕೊಟ್ಟವನು ಗಂಗರ ಬೂತುಗ. ಈಗ ಆ ಕಲ್ಲು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ನೋಡಿದಾಗಲೆಲ್ಲ ನನಗೆ ನೆನಪಾಗುವುದು ನಮ್ಮ ಕಣಿವೆಯ ಕೊಂಬೈ ನಾಯಿಗಳು. ಕೊಂಬೈ ಊರಿನ ಹೆಸರನ್ನೇ ಹೊತ್ತ, ಕಪ್ಪು ಮೂತಿಯ, ಕಂದು ಮೈಯ ತಳಿ. ಹಂದಿಗೆ ಎದುರು ನಿಲ್ಲುತ್ತಿದ್ದ ಅವು ಕಿಡೈ ಕಾಯುತ್ತಿದ್ದವು. ಈಗ ಮರಿಗಳು ಮಾರಾಟಕ್ಕೆ ಪಟ್ಟಣ ಸೇರುತ್ತವೆ. ಮಹಡಿ ಮೇಲೆ ಕಟ್ಟಿದ ಕೊಂಬೈಗೆ ಕಾಯಲು ಒಂದು ನೀರಿನ ತೊಟ್ಟಿ ಮಾತ್ರ ಸಿಗುತ್ತದೆ.

ಹಳೆಯದೆಲ್ಲ ದಯೆಯೇ ಆಗಿತ್ತು ಎಂದು ನಾನು ಹೇಳಲಾರೆ. ಅದೇ ಆಂಡಿಪಟ್ಟಿಯ ಹಳ್ಳಿಗಳಲ್ಲಿ ಮುನಿಯಾಂಡಿ, ಕರುಪ್ಪಸ್ವಾಮಿಯ ಮುಂದೆ ಆಡು ಕೋಳಿ ಕಡಿಯುತ್ತಿದ್ದರು, ಈಗಲೂ ಕಡಿಯುತ್ತಾರೆ. ಆ ಚೀರಾಟ ನನಗೆ ಚಿಕ್ಕಂದಿನಲ್ಲೂ ಸಹಿಸಲಾಗುತ್ತಿರಲಿಲ್ಲ, ಇಂದಿಗೂ ಆಗುವುದಿಲ್ಲ. ತಮಿಳುನಾಡಿನಲ್ಲಿ ಪ್ರಾಣಿಬಲಿ ತಡೆಯುವ ಕಾನೂನು 1950ರಿಂದಲೇ ಇತ್ತು. ಅದು ಕಾಗದದಲ್ಲೇ ಉಳಿದಿತ್ತು. 2003ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ಜಯಲಲಿತಾ ಅದನ್ನು ಬಿಗಿಯಾಗಿ ಜಾರಿ ಮಾಡಲು ಹೇಳಿದರು. ಆಗ ಅವರು ಆಂಡಿಪಟ್ಟಿಯದೇ ಶಾಸಕಿ. 2002ರ ಉಪಚುನಾವಣೆಯಲ್ಲಿ ಅಲ್ಲಿಂದ ಗೆದ್ದಿದ್ದರು. ಅವರಿಗೇ ಮತ ಹಾಕಿದ ಊರಿನ ಜನ ತಮ್ಮ ಗುಡಿಯ ಮುಂದೆ ಪೊಲೀಸರನ್ನು ನೋಡಿ ಕಂಗಾಲಾದರು. ಕುಲದೇವರಿಗೆ ಹೇಳಿಕೊಂಡದ್ದನ್ನು ಹೇಗೆ ಬಿಡುವುದು ಎಂಬ ಭಯ ನಿಜವಾದದ್ದು. ಆರು ತಿಂಗಳೊಳಗೆ, 2004ರ ಫೆಬ್ರವರಿಯಲ್ಲಿ, ಆ ಕಾನೂನನ್ನೇ ತೆಗೆದುಹಾಕಿದರು. ಕರ್ನಾಟಕದಲ್ಲಿ 1959ರ ಬಲಿ ನಿಷೇಧ ಕಾನೂನು ಇನ್ನೂ ಇದೆ, ಜಾತ್ರೆಗಳಲ್ಲಿ ಪೊಲೀಸರು ನಿಲ್ಲುತ್ತಾರೆ, ಬಲಿ ಊರ ಹೊರಗೆ ನಡೆಯುತ್ತದೆ.

ದಿಂಡಿಗಲ್ಲಿಗೆ ಬಂದರೆ ಬೇರೆ ನೋಟ. ಮುತ್ತಳಗುಪಟ್ಟಿಯ ಸಂತ ಸೆಬಾಸ್ಟಿಯನ್ ಹಬ್ಬಕ್ಕೆ ಭಕ್ತರು ಆಡು ಕೋಳಿಗಳನ್ನು ಸಾವಿರಗಟ್ಟಲೆ ಕಾಣಿಕೆ ತರುತ್ತಾರೆ. ಅಡುಗೆಯಾಗಿ ಜಾತಿ ಧರ್ಮ ನೋಡದೆ ಬಂದವರಿಗೆಲ್ಲ ಊಟ. ಅದೇ ಜಿಲ್ಲೆಯ ಉಲಗಂಪಟ್ಟಿಯಲ್ಲಿ ಪೆರಿಯ ಅಂತೋಣಿಯಾರ್ ಹಬ್ಬಕ್ಕೆ ಜಲ್ಲಿಕಟ್ಟು. ಆ ಅಂತೋಣಿ ಪ್ರಾಣಿಗಳ ಸಂತ. ಅವನ ಹಬ್ಬ ಜನವರಿ 17, ಮಾಟ್ಟು ಪೊಂಗಲ್ ಮುಗಿದ ಬೆನ್ನಿಗೇ; ರೋಮಿನಲ್ಲೂ ಆ ದಿನ ಪಾದ್ರಿಗಳು ದನ, ಕುದುರೆ, ನಾಯಿಗಳಿಗೆ ತೀರ್ಥ ಚಿಮುಕಿಸಿ ಹರಸುತ್ತಾರೆ. ಕಂಬಂ, ಉತ್ತಮಪಾಳಯಂನ ರಾವುತ್ತರ್ ಮುಸಲ್ಮಾನರು ನಮ್ಮ ಅಪ್ಪನ ಅಂಗಡಿಯ ಹಳೆಯ ಗಿರಾಕಿಗಳು. ಬಕ್ರೀದಿಗೆ ತಿಂಗಳುಗಟ್ಟಲೆ ಮೊದಲೇ ಆಡು ಕೊಂಡು ಮನೆಯಲ್ಲಿ ಸಾಕುತ್ತಿದ್ದರು. ಕೊಯ್ಯುವ ಮೊದಲು ನೀರು ಕುಡಿಸಬೇಕು, ಅದರ ಕಣ್ಣೆದುರಿಗೆ ಕತ್ತಿ ಮಸೆಯಬಾರದು, ಒಂದರ ಮುಂದೆ ಇನ್ನೊಂದನ್ನು ಕೊಯ್ಯಬಾರದು ಎಂಬ ಕಟ್ಟುಪಾಡನ್ನು ಮನೆಯ ಹುಡುಗರಿಗೆ ಹೇಳಿಕೊಡುತ್ತಿದ್ದರು. ಹಬ್ಬ ಮುಗಿದ ಮೇಲೆ ಅತ್ತು ಕಣ್ಣು ಕೆಂಪಾದ ಮಕ್ಕಳು ನನ್ನ ಜೊತೆ ಶಾಲೆಗೆ ಬರುತ್ತಿದ್ದವು.

ಕಾಯುವ ದೇವರು, ಕೊಲ್ಲುವ ದೇವರು, ಎರಡರ ಮುಂದೆಯೂ ಪ್ರಾಣಿ ಒಂಟಿಯಾಗಿ, ಗುರುತಿಲ್ಲದೆ ನಿಲ್ಲುತ್ತಿರಲಿಲ್ಲ. ಅದರ ತಾಯಿ ಯಾರು, ಎಲ್ಲಿ ಮೇಯಿತು, ಯಾರ ಕೈತುತ್ತು ತಿಂದಿತು ಎಂದು ಬಲ್ಲ ಒಬ್ಬರು ಪಕ್ಕದಲ್ಲಿರುತ್ತಿದ್ದರು. ಈಗ ಕಂಬಂ ದಾರಿಯಲ್ಲಿ ಲಾರಿಗಳಲ್ಲಿ ಕೇರಳಕ್ಕೆ ಹೋಗುವ ದನಗಳಿಗೆ ಅಂಥ ಯಾರೂ ಇಲ್ಲ. ಕೊಂಬಿಗೆ ಕೊಂಬು ತಾಗಿಸಿಕೊಂಡು ನಿಂತ ಅವುಗಳಲ್ಲಿ ಮಲೆಮಾಡುಗಳನ್ನು ನಾನು ಮೈ ನೋಡಿಯೇ ಗುರುತಿಸಬಲ್ಲೆ. ಅವನ್ನು ಮಾರಿದ ಗಾಹಿ ಕ್ರೂರಿಯಲ್ಲ. ಅವನಿಗೆ ಮೇಯಿಸಲು ಜಾಗ ಇಲ್ಲ.

ಜಾಗ ಒಂದೇ ದಿನ ಹೋದದ್ದಲ್ಲ. 1895ರಲ್ಲಿ ಪೆನ್ನಿಕ್ವಿಕ್ ಕಟ್ಟಿದ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ಸುರಂಗ ದಾಟಿ ಬಂದಾಗ ಕಣಿವೆ ಬದುಕಿಕೊಂಡಿತು. ಆ ಮನುಷ್ಯನ ಚಿತ್ರಕ್ಕೆ ಜನ ಇಂದಿಗೂ ಹೂ ಹಾಕುತ್ತಾರೆ, ಹಾಕಲೇಬೇಕು. ಆದರೆ ನೀರು ಬಂದಲ್ಲಿ ಎರಡು ಬೆಳೆ, ಎರಡು ಬೆಳೆ ಬಂದಲ್ಲಿ ಬೀಳು ಬಿಡುವ ಹೊಲವಿಲ್ಲ. ಆಮೇಲೆ ದ್ರಾಕ್ಷಿ. ಕಂಬಂ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ವರ್ಷದುದ್ದಕ್ಕೂ ಹಣ್ಣು ಕೊಡುವ ಚಪ್ಪರದ ಕೆಳಗೆ ಕಿಡೈ ನಿಲ್ಲಿಸಲು ಬರುವುದಿಲ್ಲ. ಟ್ರ್ಯಾಕ್ಟರ್ ಬಂತು, ಎತ್ತು ಹೋಯಿತು. ಚೀಲದ ಗೊಬ್ಬರ ಬಂತು, ರಾತ್ರಿಯ ಮಂದೆಗೆ ದುಡ್ಡು ಕೊಡುವವರು ಕಡಿಮೆಯಾದರು. ಉಳಿದದ್ದು ಬೆಟ್ಟ.

2021ರ ಫೆಬ್ರವರಿಯಲ್ಲಿ ಶ್ರೀವಿಲ್ಲಿಪುತ್ತೂರು-ಮೇಘಮಲೆ ಹುಲಿ ಮೀಸಲು ಘೋಷಣೆಯಾಯಿತು. ವೈಗೈ ಹುಟ್ಟುವುದು ಆ ಬೆಟ್ಟಗಳಲ್ಲಿ. ನದಿಯ ತಲೆಯ ಕಾಡು ಉಳಿಯದಿದ್ದರೆ ಮಧುರೆಗೆ ನೀರಿಲ್ಲ, ಆಂಡಿಪಟ್ಟಿಗೂ ಇಲ್ಲ. ಮರುವರ್ಷದ ಮಾರ್ಚಿನಲ್ಲಿ ಮದ್ರಾಸ್ ಹೈಕೋರ್ಟು ಮೇಘಮಲೆಯ ಮೇವಿನ ಮೊಕದ್ದಮೆಯೊಂದರಲ್ಲಿ ರಾಜ್ಯದ ಎಲ್ಲ ಕಾಡುಗಳಲ್ಲೂ ದನ ಮೇಯಿಸುವುದನ್ನು ನಿಷೇಧಿಸಿತು. ಕೆಲವೇ ದಿನಗಳಲ್ಲಿ ಆ ಆದೇಶವನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ಮೀಸಲುಗಳಿಗೆ ಮಿತಿಗೊಳಿಸಲಾಯಿತು. ತೇನಿಯ ಮಲೆಮಾಡುಗಳಿಗೆ ಆ ಮಿತಿಯಿಂದ ಹೆಚ್ಚೇನೂ ಸಿಗಲಿಲ್ಲ. ಅವುಗಳ ಬೆಟ್ಟವೇ ಮೀಸಲಿನೊಳಗಿದೆ.

ಅರಣ್ಯ ಇಲಾಖೆಯ ವಾದದಲ್ಲಿ ತಿರುಳಿದೆ. ಊರ ದನದ ಕಾಲುಬಾಯಿ ಜ್ವರ ಕಾಡೆಮ್ಮೆಗೆ ತಗಲುತ್ತದೆ. ಹೊಸ ಹುಲ್ಲಿನ ಆಸೆಗೆ ಬೆಂಕಿ ಇಟ್ಟವರಿದ್ದಾರೆ. ಕಾಡಿನೊಳಗೇ ದೊಡ್ಡಿ ಕಟ್ಟಿ, ದುಡ್ಡುಳ್ಳವರ ದನವನ್ನು ಕೂಲಿಗೆ ಕಾಯ್ದು, ಸಗಣಿ ವ್ಯಾಪಾರ ನಡೆಸಿದವರೂ ಇದ್ದಾರೆ. ಹುಲಿಗೆ ಒಂದು ಜಾಗ ಬೇಕು ಎನ್ನುವವರಲ್ಲಿ ನಾನೂ ಒಬ್ಬ. ನನಗೆ ನೋವಾಗುವುದು ಬೇರೆ ಕಡೆ. ತಲೆಮಾರುಗಳಿಂದ ಹತ್ತಿದ ಮಂದೆಗೂ ನೆನ್ನೆ ಬಂದ ವ್ಯಾಪಾರಿಯ ಮಂದೆಗೂ ನಡುವೆ ಗೆರೆ ಎಳೆಯುವ ಕೆಲಸವನ್ನು ಯಾರೂ ಮಾಡಲಿಲ್ಲ. ಯಾವ ಇಳಿಜಾರಿನಲ್ಲಿ ಯಾವ ತಿಂಗಳು ಎಷ್ಟು ದನ ಮೇಯಬಹುದು ಎಂದು ಬಲ್ಲ ಮುದುಕರು ಇನ್ನೂ ಬದುಕಿದ್ದಾರೆ. ಅವರನ್ನು ಕೂರಿಸಿಕೊಂಡು ಒಂದು ನಕ್ಷೆ ಬರೆಯಲು ಕಾಲ ಇನ್ನೂ ಮೀರಿಲ್ಲ.

ಇದೇ ನಾಡಿನಲ್ಲಿ ಹೋರಿಗಾಗಿ ಜನ ಎದ್ದು ನಿಂತದ್ದನ್ನು ನಾನು ಕಂಡಿದ್ದೇನೆ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನು ನಿಲ್ಲಿಸಿತು. 2017ರ ಜನವರಿಯಲ್ಲಿ ಚೆನ್ನೈನ ಮರೀನಾದಲ್ಲಿ ಲಕ್ಷಗಟ್ಟಲೆ ಹುಡುಗ ಹುಡುಗಿಯರು ರಾತ್ರಿ ಹಗಲು ಕುಳಿತರು. ಆ ತಿಂಗಳೇ ಕಾನೂನು ತಿದ್ದುಪಡಿಯಾಯಿತು. ಆ ವರ್ಷವೇ ನಮ್ಮ ಕಂಬಳವೂ ಅದೇ ದಾರಿ ಹಿಡಿಯಿತು. 2023ರ ಮೇ 18ರಂದು ಸಂವಿಧಾನ ಪೀಠ ಜಲ್ಲಿಕಟ್ಟು, ಕಂಬಳ ಎರಡಕ್ಕೂ ಒಪ್ಪಿಗೆ ಕೊಟ್ಟಿತು. ನಮ್ಮ ಕಣಿವೆಯ ಪಲ್ಲವರಾಯನ್‌ಪಟ್ಟಿ, ಅಯ್ಯಂಪಟ್ಟಿಗಳಲ್ಲಿ ಈಗ ಮತ್ತೆ ಹೋರಿ ಬಿಡುವ ಬಾಗಿಲು, ವಾಡಿವಾಸಲು, ತೆರೆಯುತ್ತದೆ. ಹೋರಿಯ ಕಣ್ಣಿಗೆ, ಬಾಲಕ್ಕೆ ಆಗುತ್ತಿದ್ದ ಹಿಂಸೆಯನ್ನು ಪ್ರಶ್ನಿಸಿದವರ ಮಾತು ಸುಳ್ಳಾಗಿರಲಿಲ್ಲ. ಆಟ ನಿಂತರೆ ತಳಿ ನಿಲ್ಲುತ್ತದೆ ಎಂದವರ ಮಾತೂ ಸುಳ್ಳಲ್ಲ. ಆದರೆ ವಾಡಿವಾಸಲಿನಿಂದ ನುಗ್ಗುವ ಪುಲಿಕುಳಂ ಹೋರಿ ಹುಟ್ಟುವುದು ಕಿಡೈಯಲ್ಲಿ. ಗಾಹಿಗಳು ಗಂಡುಕರು ಮಾರುತ್ತಾರೆ, ಕೊಂಡವರು ಸಾಕುತ್ತಾರೆ. ಕಿಡೈಯೇ ಇಲ್ಲದಿದ್ದರೆ ಕರು ಎಲ್ಲಿಂದ? ಹೋರಿಗಾಗಿ ಸಮುದ್ರದ ದಂಡೆ ತುಂಬಿದ ಜನರಲ್ಲಿ ಹತ್ತರಲ್ಲಿ ಒಂದು ಪಾಲು 2022ರಲ್ಲಿ ಅದರ ತಾಯಿಯ ಹುಲ್ಲಿಗಾಗಿ ಮಾತಾಡಿದ್ದರೆ ಎಂದು ನಾನು ಎಷ್ಟೋ ಸಲ ಹಂಬಲಿಸಿದ್ದೇನೆ. ಒಂದು ಹೋರಿಯನ್ನು ಪ್ರೀತಿಸುವುದು ಸುಲಭ. ಅದಕ್ಕೆ ಹೆಸರಿದೆ, ಬಹುಮಾನ ಇದೆ, ಚಿತ್ರ ತೆಗೆಸಿಕೊಳ್ಳಬಹುದು. ಮಂದೆಯನ್ನು ಪ್ರೀತಿಸಬೇಕಾದರೆ ಬೆಟ್ಟವನ್ನು, ಹೊಲವನ್ನು, ಮೈಲಿಗಟ್ಟಲೆ ದಾರಿಯನ್ನು ಬಿಟ್ಟುಕೊಡಬೇಕು.

ಕಂಬಂ ತೊಳುವಿನಲ್ಲಿ ಮಾಟ್ಟು ಪೊಂಗಲ್ ಇಂದಿಗೂ ನಡೆಯುತ್ತದೆ. ಜನ ಮೊದಲಿಗಿಂತ ಹೆಚ್ಚೇ ಬರುತ್ತಾರೆ. ಪೊಂಗಲ್ ಕರುಗಳೂ ಬರುತ್ತವೆ. ಕೆಲವು ಜರ್ಸಿ ಬೆರಕೆ, ಉಬ್ಬಿಲ್ಲದ ಬೆನ್ನಿನವು. ಭಕ್ತಿಗೆ ಕೊರತೆಯಿಲ್ಲ. ಸುತ್ತ ಊರು ಬೆಳೆದು ತೊಳು ನಡುವೆ ಸಿಕ್ಕಿಕೊಂಡಿದೆ, ಲಾರಿಯಲ್ಲಿ ಒಣಹುಲ್ಲು ಬಂದು ಇಳಿಯುತ್ತದೆ. ಕಾಣಿಕೆಯಾಗಿ ತಂದ ಬಾಳೆಹಣ್ಣಿನ ಗೊನೆ ಗೊನೆಯನ್ನೇ ತಿಂದು ಹೊಟ್ಟೆ ಕೆಡಿಸಿಕೊಳ್ಳುವ ದನಗಳಿಗೆ ಮರುದಿನ ಔಷಧಿ ಕುಡಿಸುವ ಹುಡುಗರನ್ನು ನೋಡಿದೆ. ಅವರ ಕೈ ಮೃದು. ದವಡೆ ಹಿಡಿದು ಬಾಯಿ ತೆರೆಸುವ ಬಗೆಯಲ್ಲಿ ಹಳೆಯ ಕಲಿಕೆ ಕಾಣುತ್ತಿತ್ತು. ಅವರಲ್ಲಿ ಬೆಟ್ಟದ ದಾರಿ ನಡೆದವರು ಯಾರೂ ಇರಲಿಲ್ಲ. ನನ್ನ ಮಾವನ ವಯಸ್ಸಿನವರು ಬೆಟ್ಟದ ನಿಲುಗಡೆಗಳನ್ನು, ನೀರಿನ ಗುಂಡಿಗಳನ್ನು, ಗಾಳಿ ಮಳೆಗೆ ಮರೆಯಾಗುವ ಬಂಡೆಗಳನ್ನು ಹೆಸರು ಹಿಡಿದು ಹೇಳುತ್ತಿದ್ದರು. ಆ ಹೆಸರುಗಳಲ್ಲಿ ಅರ್ಧ ಕನ್ನಡ, ಅರ್ಧ ತಮಿಳು. ಯಾವ ಸರ್ಕಾರಿ ನಕ್ಷೆಯಲ್ಲೂ ಅವು ಇಲ್ಲ.

ಬೆಂಗಳೂರಿಗೆ ಬಂದು ನೆಲೆಸಿದ ಮೇಲೆ ನಾನು ಚಳ್ಳಕೆರೆ ಕಡೆಗೆ ಹೋಗುವುದನ್ನು ರೂಢಿ ಮಾಡಿಕೊಂಡೆ. ಅಲ್ಲಿ ಮ್ಯಾಸನಾಯಕರ ದೇವರ ಎತ್ತುಗಳಿವೆ. ನೊಗ ಕಾಣದ, ಮಾರಾಟ ಕಾಣದ, ಸತ್ತರೆ ಶಾಸ್ತ್ರ ಮಾಡಿ ಹೂಳುವ ಮಂದೆಗಳು. ಅವನ್ನು ಕಾಯುವ ಕಿಲಾರಿಗಳು. ಕಾಡುಗೊಲ್ಲರ ಹಟ್ಟಿಗಳಲ್ಲೂ ದೇವರಿಗೆ ಬಿಟ್ಟ ದನಗಳಿವೆ. ಕಂಬಂ ಕಣಿವೆಯ ನಮ್ಮವರು ಎಲ್ಲಿಂದ ಹೊರಟರೋ ಖಚಿತವಾಗಿ ಹೇಳಲಾರೆ, ಆದರೆ ಆ ಮಂದೆಯ ಮುಂದೆ ನಿಂತಾಗ ತವರಿಗೆ ಬಂದಂತಾಯಿತು. ಅಲ್ಲಿಯ ಸಂಕಟವೂ ಗುರುತಿನದೇ. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯ ಕಾಲದಿಂದ, ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ ದಿನಗಳಿಂದ ದನಕ್ಕೆಂದೇ ಮೀಸಲಿದ್ದ ಕಾವಲುಗಳು ಈ ಶತಮಾನದ ಮೊದಲ ದಶಕದ ಕೊನೆಗೆ ಚಳ್ಳಕೆರೆಯಲ್ಲಿ ಸಾವಿರಾರು ಎಕರೆ ರಕ್ಷಣಾ, ಅಣು, ಬಾಹ್ಯಾಕಾಶ ಸಂಸ್ಥೆಗಳ ಗೋಡೆಯೊಳಗೆ ಸೇರಿದವು. ಬರದ ವರ್ಷ ಬಂದರೆ ಕಿಲಾರಿಗಳು ಮೇವು ಕೇಳಿಕೊಂಡು ತಾಲ್ಲೂಕು ಕಚೇರಿಯ ಬಾಗಿಲಿಗೆ ಬರುತ್ತಾರೆ. ದೇವರ ಎತ್ತಿನ ಪಕ್ಕೆಲುಬು ಎಣಿಸುವಂತಾದಾಗ ಪತ್ರಿಕೆಗಳು ಚಿತ್ರ ಹಾಕುತ್ತವೆ, ದಾನಿಗಳು ಒಂದಷ್ಟು ಲೋಡು ಹುಲ್ಲು ಕಳಿಸುತ್ತಾರೆ.

ಅಲ್ಲೊಬ್ಬ ವಯಸ್ಸಾದ ಕಿಲಾರಿಯವರಿಗೆ ನಾನು ಕಂಬಂನ ಸುದ್ದಿ ಹೇಳಿದೆ. ಅಷ್ಟು ದೂರ, ತಮಿಳು ನಾಡಿನ ಬೆಟ್ಟದ ಬುಡದಲ್ಲಿ, ಕನ್ನಡ ಮಾತಾಡುವ ಜನ ದೇವರಿಗೆ ದನ ಬಿಡುತ್ತಾರೆ, ಕಬ್ಬು ತಿಂದ ಹೋರಿಗೆ ಪಟ್ಟ ಕಟ್ಟುತ್ತಾರೆ ಎಂದಾಗ ಅವರು ಕೋಲು ಕೆಳಗಿಟ್ಟು ಕುಳಿತು ಕೇಳಿದರು. ಬೆಟ್ಟಕ್ಕೆ ಬಿಡುತ್ತಾರೇನಪ್ಪ ಎಂದು ಕೇಳಿದರು. ಈಗ ಬಿಡುವುದಿಲ್ಲ ಎಂದೆ. ಹುಲಿಗಾ, ಕಾರ್ಖಾನೆಗಾ ಎಂದರು. ಹುಲಿಗೆ ಎಂದೆ. ಹುಲಿ ಆದರೆ ಮಾತಾಡಬಹುದು, ಅದಕ್ಕೂ ದನಕ್ಕೂ ಮೊದಲಿಂದ ಗೊತ್ತಿದೆ, ನಮಗೆ ಗೋಡೆ ಬಂತು ಎಂದು ಎದ್ದರು. ಮಂದೆ ಆಗಲೇ ಸಾಕಷ್ಟು ಮುಂದೆ ಹೋಗಿತ್ತು. ಹೋಗುತ್ತ ತಿರುಗಿ, ನಿಮ್ಮ ಕಡೆ ಈ ಸಲ ಎಷ್ಟು ಕರು ಹಾಕಿವೆ, ಅದರಲ್ಲಿ ಹೆಣ್ಣೆಷ್ಟು ಎಂದು ಕೇಳಿದರು. ನಾನು ಅಲ್ಲಿಂದಲೇ ಕಂಬಂಗೆ ಫೋನು ಮಾಡಿದೆ.